ಐದು ನಿಮಿಷ ಐವತ್ತೆಂಟು ಸೆಕೆಂಡು ಬಾಕಿ: ಡಮಾರ್ ಹ್ಯಾಮ್ಲಿನ್ ಪ್ರಕರಣ

2023ರ ಜನವರಿ 2, ಸೋಮವಾರ ರಾತ್ರಿ 9 ಗಂಟೆಗೆ ಇನ್ನೈದು ನಿಮಿಷ. ಅಮೆರಿಕದ ಓಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಪೇಕೋರ್ ಸ್ಟೇಡಿಯಂ. ನಮ್ಮಲ್ಲಿ ಆಗಲೇ ಮಂಗಳವಾರ ಬೆಳಗಾಗಿ 7:25. ಬಫಲೊ ಬಿಲ್ಸ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯದ ಮೊದಲ ಕ್ವಾರ್ಟರ್ ಮುಗಿಯಲು 5 ನಿಮಿಷ 58 ಸೆಕೆಂಡು ಬಾಕಿ ಇತ್ತು. ಬೆಂಗಾಲ್ಸ್ 7, ಬಿಲ್ಸ್ 3. ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎಸೆದ ಚೆಂಡನ್ನು ಟೀ ಹಿಗಿನ್ಸ್ ಹಿಡಿದು ಮುಂದಕ್ಕೆ ನುಗ್ಗಿದರು. ಅಡ್ಡ ಬಂದವರು ಬಿಲ್ಸ್ ತಂಡದ 3ನೇ ನಂಬರಿನ ಆಟಗಾರ, 24 ವರ್ಷದ ಡಮಾರ್ ಹ್ಯಾಮ್ಲಿನ್. ಹಿಗಿನ್ಸ್ ಅವರ ಮೈ ನೇರ ಹ್ಯಾಮ್ಲಿನ್ ಎದೆಗೆ ಬಡಿಯಿತು. ಇಬ್ಬರೂ ನೆಲಕ್ಕುರುಳಿದರು. ಹ್ಯಾಮ್ಲಿನ್ ಎದ್ದು ನಿಂತರು. ಒಂದೆರಡು ಹೆಜ್ಜೆ ಇಟ್ಟರೋ ಇಲ್ಲವೋ, ಬುಡ ಕಡಿದ ಬಾಳೆಗಿಡದ ಹಾಗೆ ಹಿಂದಕ್ಕೆ ಬಿದ್ದರು. ಕೈ ಊರಲಿಲ್ಲ, ಮೈ ತಿರುಗಿಸಲಿಲ್ಲ.

ಆ ಬೀಳುವಿಕೆಯಲ್ಲೇ ಎಲ್ಲ ಇದೆ. ಏಟು ತಿಂದವನು ಬೀಳುವಾಗ ಕೈ ತಾನಾಗಿ ನೆಲ ಹುಡುಕುತ್ತದೆ. ಪ್ರಜ್ಞೆ ಹೋದವನ ಕೈ ಹುಡುಕುವುದಿಲ್ಲ. ಬಿಲ್ಸ್ ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲ್ಲಿಂಗ್ಟನ್ ಕ್ಷಣಮಾತ್ರದಲ್ಲಿ ಹ್ಯಾಮ್ಲಿನ್ ಬಳಿ ಇದ್ದರು. ನಾಡಿ ಇರಲಿಲ್ಲ. ಎದೆ ಒತ್ತಲು ಶುರು ಮಾಡಿದರು.

ಮುಂದೆ ಏನಾಯಿತು ಎನ್ನುವುದು ಲೋಕಕ್ಕೆಲ್ಲ ಗೊತ್ತು. ಹ್ಯಾಮ್ಲಿನ್ ಬದುಕಿದರು, ಅದೇ ವರ್ಷ ಮತ್ತೆ ಆಟಕ್ಕಿಳಿದರು. ಬಹಳ ಜನ ಇದನ್ನು ಪವಾಡ ಅಂದರು. ಅವರ ಭಾವನೆ ನನಗೆ ಅರ್ಥವಾಗುತ್ತದೆ, ಆದರೆ ಆ ಮಾತು ಒಪ್ಪಲು ಮನಸ್ಸು ಬರುವುದಿಲ್ಲ. ಆ ರಾತ್ರಿ ಮೈದಾನದಲ್ಲಿ ನಡೆದದ್ದೆಲ್ಲ ಮೊದಲೇ ಬರೆದಿಟ್ಟು, ತಾಲೀಮು ಮಾಡಿಟ್ಟ ಕೆಲಸ. ಬರೆದಿಡದೆ ಬಿಟ್ಟ ವಿಷಯವೂ ಒಂದಿತ್ತು, ಅದು ಈ ಆಟಗಾರನ ಸಂಬಳ. ಜೀವ ಉಳಿದದ್ದು ನಿಯಮದಿಂದ, ಸಂಬಳ ಉಳಿದದ್ದು ಔದಾರ್ಯದಿಂದ. ಈ ಪ್ರಕರಣದಲ್ಲಿ ನನ್ನನ್ನು ಬಿಡದೆ ಕಾಡುವುದು ಈ ವ್ಯತ್ಯಾಸವೇ. ಅದನ್ನು ಹೇಳಬೇಕಾದರೆ ಹ್ಯಾಮ್ಲಿನ್ ಆ ಜಾಗಕ್ಕೆ ಹೇಗೆ ಬಂದು ನಿಂತರು ಎನ್ನುವಲ್ಲಿಂದ ಶುರು ಮಾಡಬೇಕು.

212ನೆಯವನು

ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಪಕ್ಕದಲ್ಲೇ, ಓಹಾಯೋ ನದಿಯ ದಂಡೆಯಲ್ಲಿ ಮಕೀಸ್ ರಾಕ್ಸ್ ಎಂಬ ಸಣ್ಣ ಊರು. ಹ್ಯಾಮ್ಲಿನ್ 1998ರ ಮಾರ್ಚ್ 24ರಂದು ಹುಟ್ಟಿದ್ದು ಅಲ್ಲಿ. ಓದಿದ್ದು ಪಿಟ್ಸ್‌ಬರ್ಗಿನ ಸೆಂಟ್ರಲ್ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಕರೆದರೂ ಅವರು ಊರಿನ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನೇ ಆರಿಸಿಕೊಂಡರು. ಪುಟ್ಟ ತಮ್ಮನಿಂದ ದೂರ ಹೋಗಲು ಮನಸ್ಸಾಗದ್ದೂ ಅದಕ್ಕೊಂದು ಕಾರಣ ಎಂದು ಹೇಳಿಕೊಂಡಿದ್ದಾರೆ. ಆಟವಾಡಿದ ಜಾಗ ಸೇಫ್ಟಿ.

ಸೇಫ್ಟಿ ಎಂದರೆ ರಕ್ಷಣಾ ಪಡೆಯ ಕಟ್ಟಕಡೆಯ ಕಾವಲು. ಮುಂದಿನ ಸಾಲಿನಲ್ಲಿ ಬೆಟ್ಟದಂಥ ಆಳುಗಳು, ಅವರ ಹಿಂದೆ ಲೈನ್‌ಬ್ಯಾಕರ್‌ಗಳು. ಇವರನ್ನೆಲ್ಲ ದಾಟಿ ಬಂದ ಎದುರಾಳಿಯನ್ನು ಬೀಳಿಸಬೇಕಾದವನು ಸೇಫ್ಟಿ. ಕಬಡ್ಡಿಯಲ್ಲಿ ರೈಡರನ್ನು ಹಿಡಿಯಲು ಏಳು ಜನ ಸುತ್ತುವರಿಯುತ್ತಾರೆ. ಇಲ್ಲಿ ಎಷ್ಟೋ ಸಲ ಬಟಾಬಯಲಿನಲ್ಲಿ ಒಬ್ಬನಿಗೆ ಒಬ್ಬನೇ. ಬರುವವನೂ ಪೂರ್ತಿ ವೇಗದಲ್ಲಿ, ತಡೆಯುವವನೂ ಪೂರ್ತಿ ವೇಗದಲ್ಲಿ. ತಪ್ಪಿದರೆ ಆರು ಅಂಕ ಎದುರಾಳಿಗೆ. ಹಾಗಾಗಿ ಎದೆಯೊಡ್ಡಿ ನಿಲ್ಲುವುದು ಈ ಜಾಗದವರ ದಿನನಿತ್ಯದ ಕೆಲಸ.

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ಗೆ 2021ರಲ್ಲಿ ನಡೆದ ಹೊಸ ಆಟಗಾರರ ಆಯ್ಕೆಯಲ್ಲಿ ಏಳು ಸುತ್ತುಗಳಲ್ಲಿ ಒಟ್ಟು 259 ಆಟಗಾರರನ್ನು ಆರಿಸಲಾಯಿತು. ಹ್ಯಾಮ್ಲಿನ್ ಆರನೇ ಸುತ್ತಿನಲ್ಲಿ 212ನೆಯವರು. ಮೊದಲ ಸುತ್ತಿನವನಿಗೂ ಆರನೇ ಸುತ್ತಿನವನಿಗೂ ಇರುವ ಅಂತರ ದುಡ್ಡಿನದಷ್ಟೇ ಅಲ್ಲ. ಮೊದಲ ಸುತ್ತಿನವನ ಮೇಲೆ ತಂಡ ಕೋಟಿಗಟ್ಟಲೆ ಹಾಕಿರುತ್ತದೆ, ತಪ್ಪಿದರೂ ಎರಡು ಮೂರು ವರ್ಷ ಕಾಯುತ್ತದೆ. ಆರನೇ ಸುತ್ತಿನವನು ಪ್ರತಿ ಆಗಸ್ಟ್ ಕೊನೆಗೆ ಪಟ್ಟಿಯಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂದು ನೋಡಬೇಕು. ಬಿಲ್ಸ್ ತಂಡದಲ್ಲಿ ಆಗ ಮೈಕಾ ಹೈಡ್ ಮತ್ತು ಜೋರ್ಡನ್ ಪಾಯರ್ ಎಂಬ ಇಬ್ಬರು ಪಳಗಿದ ಸೇಫ್ಟಿಗಳಿದ್ದರು. ಅವರಿರುವವರೆಗೆ ಹೊಸಬನಿಗೆ ಬೆಂಚೇ ಗತಿ. ಮೊದಲ ವರ್ಷ ಹ್ಯಾಮ್ಲಿನ್ ಬಹುಪಾಲು ಬದಲಿ ಆಟಗಾರರಾಗಿಯೇ ಕಳೆದರು.

2022ರ ಸೆಪ್ಟೆಂಬರ್ 19ರಂದು ಟೆನಿಸಿ ಟೈಟನ್ಸ್ ವಿರುದ್ಧದ ಪಂದ್ಯದಲ್ಲಿ ಹೈಡ್ ಕುತ್ತಿಗೆಗೆ ಏಟಾಗಿ ಆ ಸೀಸನ್‌ನಿಂದ ಹೊರಬಿದ್ದರು. ಆ ಜಾಗಕ್ಕೆ ಬಂದವರು ಹ್ಯಾಮ್ಲಿನ್. ಒಬ್ಬನ ಗಾಯ ಇನ್ನೊಬ್ಬನ ಬಾಗಿಲು ಎನ್ನುವುದು ಈ ಆಟದಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿರುವ ಸತ್ಯ. ಸಿಕ್ಕ ಅವಕಾಶವನ್ನು ಅವರು ಕೈಬಿಡಲಿಲ್ಲ. ಸಿನ್ಸಿನಾಟಿಯ ಆ ರಾತ್ರಿಯ ಹೊತ್ತಿಗೆ ಆ ಸೀಸನ್‌ನಲ್ಲಿ ಅವರ ಲೆಕ್ಕಕ್ಕೆ ಎದುರಾಳಿಯನ್ನು ಹಿಡಿದು ಬೀಳಿಸಿದ 91 ಟ್ಯಾಕಲ್‌ಗಳಿದ್ದವು.

ಎದೆಯೊಳಗೆ ಏನಾಯಿತು

ಈಗ ಆ ಡಿಕ್ಕಿಗೆ ಬರೋಣ. ಟಿವಿಯಲ್ಲಿ ಎಷ್ಟು ಸಲ ನೋಡಿದರೂ ಅದರಲ್ಲಿ ಅಸಹಜವಾದದ್ದು ಏನೂ ಕಾಣುವುದಿಲ್ಲ. ಅಂಥ ಡಿಕ್ಕಿ ಒಂದೊಂದು ಪಂದ್ಯದಲ್ಲೂ ಹತ್ತಾರು ಆಗುತ್ತವೆ. ತಪ್ಪು ಹಿಗಿನ್ಸ್ ಅವರದೂ ಅಲ್ಲ, ಹ್ಯಾಮ್ಲಿನ್ ಅವರದೂ ಅಲ್ಲ. ಎಡವಟ್ಟು ಆದದ್ದು ಕಾಲದ್ದು, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಾಲದ್ದು.

ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ತನ್ನ ವಿದ್ಯುತ್ತನ್ನು ಮರಳಿ ಜೋಡಿಸಿಕೊಳ್ಳುತ್ತದೆ. ಇಸಿಜಿ ಕಾಗದದಲ್ಲಿ ಆ ಹಂತ ಸಣ್ಣ ಗುಡ್ಡದ ಹಾಗೆ ಕಾಣುತ್ತದೆ, ಅದಕ್ಕೆ ಟಿ ಅಲೆ ಎನ್ನುತ್ತಾರೆ. ಆ ಗುಡ್ಡದ ನೆತ್ತಿ ತಲುಪುವ ಮುಂಚಿನ ಸುಮಾರು 20 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಐವತ್ತರಲ್ಲೊಂದು ಪಾಲು, ಹೃದಯಕ್ಕೆ ಬಹಳ ನಾಜೂಕಿನ ಹೊತ್ತು. ಸರಿಯಾಗಿ ಆಗಲೇ, ಸರಿಯಾಗಿ ಹೃದಯದ ಮೇಲೆಯೇ ಏಟು ಬಿದ್ದರೆ ಬಡಿತದ ಲಯ ಕೆಡುತ್ತದೆ. ಹೃದಯ ಕುಗ್ಗಿ ಹಿಗ್ಗಿ ರಕ್ತ ಪಂಪು ಮಾಡುವುದನ್ನು ಬಿಟ್ಟು ಸುಮ್ಮನೆ ನಡುಗತೊಡಗುತ್ತದೆ. ವೈದ್ಯರು ಇದನ್ನು ಕಮೋಷಿಯೊ ಕಾರ್ಡಿಸ್ ಎನ್ನುತ್ತಾರೆ, ಲ್ಯಾಟಿನ್‌ನಲ್ಲಿ ಹೃದಯದ ಕಲಕು ಎಂದರ್ಥ. ಪಕ್ಕೆಲುಬು ಮುರಿದಿರುವುದಿಲ್ಲ, ಹೃದಯ ಹರಿದಿರುವುದಿಲ್ಲ, ಮೊದಲಿಂದ ಯಾವ ಕಾಯಿಲೆಯೂ ಇರುವುದಿಲ್ಲ.

1998ರಲ್ಲಿ ಬಾಸ್ಟನ್ನಿನ ವೈದ್ಯ ಮಾರ್ಕ್ ಲಿಂಕ್ ಮತ್ತು ಸಂಗಡಿಗರು ಅರಿವಳಿಕೆ ಕೊಟ್ಟ ಎಳೆಯ ಹಂದಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿಕೊಟ್ಟರು. ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುವ ಬೇಸ್‌ಬಾಲ್ ಗಾತ್ರದ ಉಂಡೆ ಬೇರೆ ಹೊತ್ತಿನಲ್ಲಿ ಬಿದ್ದರೆ ಹೃದಯ ನಡುಕಕ್ಕೆ ಬೀಳುತ್ತಿರಲಿಲ್ಲ, ಆ ಕಿರುಗಿಂಡಿಯಲ್ಲಿ ಬಿದ್ದರೆ ಬೀಳುತ್ತಿತ್ತು. ಎದೆಗವಚ ಹಾಕಿದರೂ ಪೂರ್ತಿ ನಂಬುವ ಹಾಗಿಲ್ಲ ಎಂದು ಮುಂದಿನ ಅಧ್ಯಯನಗಳು ಹೇಳಿದವು. ಇದಕ್ಕೆ ಗುರಿಯಾಗುವವರಲ್ಲಿ ಹೆಚ್ಚಿನವರು ಬೇಸ್‌ಬಾಲ್, ಲಕ್ರಾಸ್, ಐಸ್ ಹಾಕಿಯಂಥ ಆಟಗಳಲ್ಲಿ ಗಟ್ಟಿ ಚೆಂಡಿನ ಇಲ್ಲವೇ ಬಿಲ್ಲೆಯ ಏಟು ತಿನ್ನುವ ಹದಿಹರೆಯದ ಹುಡುಗರು. ಮೈತುಂಬ ಪ್ಯಾಡ್ ತೊಟ್ಟ, ಬಲಿತ ಎದೆಯ ವೃತ್ತಿಪರ ಫುಟ್‌ಬಾಲ್ ಆಟಗಾರನಿಗೆ ಹೀಗಾಗುವುದು ಅಪರೂಪದಲ್ಲಿ ಅಪರೂಪ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಾವು ಎಲ್ಲಕ್ಕೂ ಹಾರ್ಟ್ ಅಟ್ಯಾಕ್ ಅಂದುಬಿಡುತ್ತೇವೆ. ಹಾರ್ಟ್ ಅಟ್ಯಾಕ್, ಅಂದರೆ ಹೃದಯಾಘಾತ, ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ರಕ್ತ ತಪ್ಪುವ ಸ್ಥಿತಿ. ಆ ಮನುಷ್ಯ ಎಷ್ಟೋ ಸಲ ಮಾತಾಡುತ್ತಲೇ ಆಸ್ಪತ್ರೆಗೆ ಬರುತ್ತಾನೆ. ಹ್ಯಾಮ್ಲಿನ್‌ಗೆ ಆದದ್ದು ಹೃದಯ ಸ್ತಂಭನ, ಅಂದರೆ ಹೃದಯ ರಕ್ತ ಪಂಪು ಮಾಡುವುದನ್ನೇ ನಿಲ್ಲಿಸುವ ಸ್ಥಿತಿ. ಅಲ್ಲಿ ಆಸ್ಪತ್ರೆಯವರೆಗೆ ಕಾಯಲು ಹೊತ್ತೇ ಇಲ್ಲ. ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತ ಹೋಗುತ್ತದೆ. ಮಿದುಳು ರಕ್ತವಿಲ್ಲದೆ ಕೆಲವೇ ನಿಮಿಷ ತಾಳೀತು. ಹೀಗೆ ಬಿದ್ದವರಿಗೆ ಔಷಧಿ ಎರಡೇ: ಕೈಯಿಂದ ಎದೆ ಒತ್ತುವುದು, ಎಇಡಿ ಯಂತ್ರದಿಂದ ವಿದ್ಯುತ್ ಆಘಾತ ಕೊಡುವುದು. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಎಇಡಿ ಎಂಬ ಮಾತು ನಮ್ಮ ಪತ್ರಿಕೆಗಳಲ್ಲೂ ಕಾಣಿಸುತ್ತಿದೆ. ಒಳ್ಳೆಯದೇ ಆಯಿತು.

ಕಮೋಷಿಯೊ ಕಾರ್ಡಿಸ್‌ನ ದಾಖಲೆ ಇಡಲು ಶುರುಮಾಡಿದ ಕಾಲದಲ್ಲಿ ಬದುಕುಳಿಯುತ್ತಿದ್ದವರು ಹತ್ತರಲ್ಲಿ ಒಬ್ಬರು. ಈಚಿನ ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು. ಹೃದಯವೇನೂ ಬದಲಾಗಿಲ್ಲ. ಪಕ್ಕದಲ್ಲಿ ನಿಂತವರಿಗೆ ಏನು ಮಾಡಬೇಕೆಂದು ಗೊತ್ತಾಗಿದೆ.

ಒಂದು ಗಂಟೆ ಮುಂಚಿನ ಸಭೆ

ಅಥ್ಲೆಟಿಕ್ ಟ್ರೇನರ್ ಎಂದರೆ ಜಿಮ್ಮಿನಲ್ಲಿ ಕಸರತ್ತು ಹೇಳಿಕೊಡುವವರಲ್ಲ. ಹಿಮ್ಮಡಿಗೆ ಪಟ್ಟಿ ಸುತ್ತುವುದು, ಊದಿದ ಮಂಡಿಗೆ ಐಸ್ ಇಡುವುದು, ಸ್ನಾಯು ಹಿಡಿದುಕೊಂಡರೆ ಬಿಡಿಸುವುದು, ಇವೆಲ್ಲ ಅವರ ದಿನದ ಕೆಲಸ. ವರ್ಷದಲ್ಲಿ ಒಂದು ದಿನ, ಅಥವಾ ಇಡೀ ವೃತ್ತಿಯಲ್ಲಿ ಒಂದೇ ದಿನ, ನಾಡಿಯಿಲ್ಲದ ಕುತ್ತಿಗೆಯ ಮೇಲೆ ಬೆರಳಿಟ್ಟು ನಿರ್ಧಾರ ಮಾಡಬೇಕಾಗಿ ಬರಬಹುದು. ಆ ಒಂದು ದಿನಕ್ಕಾಗಿ ಉಳಿದ ದಿನಗಳಲ್ಲಿ ತಾಲೀಮು.

ಎನ್‌ಎಫ್‌ಎಲ್‌ನಲ್ಲಿ ಪ್ರತಿ ಸ್ಟೇಡಿಯಂಗೂ ಬರೆದಿಟ್ಟ ತುರ್ತು ಯೋಜನೆ ಇರಬೇಕು, ಸೀಸನ್ ಶುರುವಾಗುವ ಮುನ್ನ ಅದರ ತಾಲೀಮು ಆಗಬೇಕು. ಪ್ರತಿ ಪಂದ್ಯಕ್ಕೆ ಒಂದು ಗಂಟೆ ಮೊದಲು ಎರಡೂ ತಂಡಗಳ ವೈದ್ಯರು, ಟ್ರೇನರ್‌ಗಳು, ಆಂಬುಲೆನ್ಸ್ ಸಿಬ್ಬಂದಿ, ರೆಫರಿ ಎಲ್ಲ ಒಂದೆಡೆ ಸೇರುತ್ತಾರೆ. ಎಇಡಿ ಎಲ್ಲಿದೆ, ಆಂಬುಲೆನ್ಸ್ ಯಾವ ದ್ವಾರದಿಂದ ಒಳಗೆ ಬರುತ್ತದೆ, ಯಾವ ಆಸ್ಪತ್ರೆಗೆ ಹೋಗಬೇಕು, ಯಾವ ಕೈಸನ್ನೆಗೆ ಏನರ್ಥ ಎಂದು ಒಬ್ಬರಿಗೊಬ್ಬರು ಮುಖ ನೋಡಿ ಹೇಳಿಕೊಳ್ಳುತ್ತಾರೆ. ಮೈದಾನದಂಚಿನಲ್ಲಿ ಉಸಿರಾಟದ ಕೊಳವೆ ಹಾಕುವುದರಲ್ಲಿ ಪಳಗಿದ ವೈದ್ಯರೊಬ್ಬರು ಕೆಂಪು ಟೋಪಿ ಹಾಕಿ ನಿಂತಿರುತ್ತಾರೆ, ಗಲಾಟೆಯ ನಡುವೆ ಹುಡುಕುವಂತಾಗಬಾರದು ಎಂದು. ಎಲ್ಲ ಸೇರಿ ಒಂದು ಪಂದ್ಯಕ್ಕೆ ಸುಮಾರು 30 ವೈದ್ಯಕೀಯ ಸಿಬ್ಬಂದಿ. ವರ್ಷಕ್ಕೆ ಇನ್ನೂರೆಪ್ಪತ್ತಕ್ಕೂ ಹೆಚ್ಚು ಪಂದ್ಯ ನಡೆಯುತ್ತವೆ. ಸಾಮಾನ್ಯವಾಗಿ ಕೆಂಪು ಟೋಪಿಯವರಿಗೆ ನಿಂತೇ ಮನೆಗೆ ಹೋಗುವ ಭಾಗ್ಯ.

ಜನವರಿ 2ರ ರಾತ್ರಿ ಆ ಕಾಗದದ ಸಾಲುಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಫುಟ್‌ಬಾಲ್ ಆಟಗಾರನ ಎದೆ ಒತ್ತುವುದು ಸುಲಭವಲ್ಲ. ಮೇಲೆ ಜೆರ್ಸಿ, ಕೆಳಗೆ ಗಟ್ಟಿ ಭುಜಕವಚ. ಅವನ್ನು ಸರಿಸದೆ ಎಇಡಿಯ ಪಟ್ಟಿ ಬರಿಮೈಗೆ ಅಂಟದು. ನಿಮಿಷಕ್ಕೆ 100ರಿಂದ 120ರ ಲೆಕ್ಕದಲ್ಲಿ, ಒಂದೊಂದು ಸಲವೂ ಎದೆ ಐದಾರು ಸೆಂಟಿಮೀಟರ್ ತಗ್ಗುವ ಹಾಗೆ ಒತ್ತಬೇಕು, ನಡುವೆ ನಿಲ್ಲಬಾರದು. ಸುತ್ತ ಸಾವಿರಾರು ಜನ, ಒಬ್ಬರೂ ಉಸಿರೆತ್ತುತ್ತಿಲ್ಲ. ಬಿಲ್ಸ್ ಆಟಗಾರರು ಗೋಡೆಯಂತೆ ಸುತ್ತುವರಿದು ಕ್ಯಾಮೆರಾ ಕಣ್ಣಿಗೆ ಮರೆ ಕಟ್ಟಿದರು. ಹಲವರು ಅಳುತ್ತಿದ್ದರು. ಒತ್ತುವುದು ಮತ್ತು ಆಘಾತ ಕೊಡುವುದು ಎರಡೂ ಆದ ಮೇಲೆ, ಮೈದಾನದಲ್ಲೇ, ಹ್ಯಾಮ್ಲಿನ್ ಹೃದಯ ಮತ್ತೆ ಬಡಿಯಿತು. ತಾಯಿ ನೀನಾ ಪ್ರೇಕ್ಷಕರ ನಡುವೆಯೇ ಇದ್ದರು. ಆಂಬುಲೆನ್ಸಿನಲ್ಲಿ ಮಗನ ಜೊತೆ ಅವರೂ ಹೋದರು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್ ಅಲ್ಲಿಂದ ಕೆಲವೇ ಕಿಲೋಮೀಟರ್.

ಪಂದ್ಯ ಏನಾಗಬೇಕು? ಇದಕ್ಕೆ ಮಾತ್ರ ಯಾರ ಕೈಯಲ್ಲೂ ಸಿದ್ಧ ಉತ್ತರ ಇದ್ದಂತೆ ಕಾಣಲಿಲ್ಲ. ಐದು ನಿಮಿಷ ಮೈ ಬಿಸಿ ಮಾಡಿಕೊಂಡು ಆಟ ಮುಂದುವರಿಸುತ್ತಾರೆ ಎಂದು ಟಿವಿ ವೀಕ್ಷಕ ವಿವರಣೆಯಲ್ಲಿ ಹೇಳಿದರು. ಹಾಗೆ ನಾವು ಹೇಳಿಯೇ ಇಲ್ಲ ಎಂದು ಲೀಗ್ ಆಮೇಲೆ ಹೇಳಿತು. ಕಣ್ಣಾರೆ ಕಂಡದ್ದು ಇಷ್ಟು: ಬಿಲ್ಸ್ ಕೋಚ್ ಶಾನ್ ಮಕ್‌ಡರ್ಮಟ್ ಮತ್ತು ಬೆಂಗಾಲ್ಸ್ ಕೋಚ್ ಝ್ಯಾಕ್ ಟೇಲರ್ ಮೈದಾನದಲ್ಲೇ ಹತ್ತಿರ ಬಂದು ಮಾತಾಡಿದರು, ಎರಡೂ ತಂಡಗಳು ಒಳಗೆ ನಡೆದವು. ನಾನೀಗ ಇರಬೇಕಾದದ್ದು ಆಸ್ಪತ್ರೆಯಲ್ಲಿ, ಇಲ್ಲಲ್ಲ ಎಂಬ ಅರ್ಥದಲ್ಲಿ ಮಕ್‌ಡರ್ಮಟ್ ಹೇಳಿದರಂತೆ. ಸುಮಾರು ಒಂದು ಗಂಟೆಯ ನಂತರ ಪಂದ್ಯ ಮುಂದೂಡಿದ ಪ್ರಕಟಣೆ ಬಂತು. ಮೂರು ದಿನದ ಮೇಲೆ ಪಂದ್ಯವನ್ನೇ ರದ್ದು ಮಾಡಿದರು.

ಆ ಇಬ್ಬರು ಕೋಚ್‌ಗಳ ಬಗ್ಗೆ ನನಗೆ ಅಪಾರ ಗೌರವ. ಅದಕ್ಕೆ ಕಾರಣ 1971ರ ಅಕ್ಟೋಬರ್ 24. ಅಂದು ಡೆಟ್ರಾಯಿಟ್‌ನಲ್ಲಿ ಶಿಕಾಗೊ ಬೇರ್ಸ್ ವಿರುದ್ಧ ಆಡುತ್ತಿದ್ದ ಡೆಟ್ರಾಯಿಟ್ ಲಯನ್ಸ್ ತಂಡದ ಚಕ್ ಹ್ಯೂಸ್, ವಯಸ್ಸು 28, ಮೈದಾನದಲ್ಲೇ ಕುಸಿದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಅವರು ಉಳಿಯಲಿಲ್ಲ. ಎನ್‌ಎಫ್‌ಎಲ್ ಪಂದ್ಯದ ನಡುವೆ ಪ್ರಾಣ ಬಿಟ್ಟ ಆಟಗಾರ ಇವತ್ತಿಗೂ ಅವರೊಬ್ಬರೇ. ಆ ಪಂದ್ಯ ನಿಲ್ಲಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಗಡಿಯಾರ ಮತ್ತೆ ಓಡಿತು, ಮೌನದಲ್ಲೇ ಕೊನೆಯವರೆಗೆ ಆಡಿ ಮುಗಿಸಿದರು.

ಎರಡೂವರೆ ಸಾವಿರ ಡಾಲರಿನ ಆಟಿಕೆ

ಹ್ಯಾಮ್ಲಿನ್ 2020ರಲ್ಲಿ, ಇನ್ನೂ ಕಾಲೇಜಿನಲ್ಲಿದ್ದಾಗ, ತಾಯಿಯ ಶಿಶುವಿಹಾರದ ಮೂಲಕ ಊರಿನ ಮಕ್ಕಳಿಗೆ ಕ್ರಿಸ್‌ಮಸ್ ಆಟಿಕೆ ಹಂಚಲು ಆನ್‌ಲೈನಿನಲ್ಲಿ ಚಂದಾ ಎತ್ತಿದ್ದರು. ಗುರಿ 2,500 ಡಾಲರ್. ಆ ಪುಟ ಇನ್ನೂ ತೆರೆದೇ ಇತ್ತು. ಅವರು ಕುಸಿದ ಆ ರಾತ್ರಿ, ಏನಾದರೂ ಮಾಡಲೇಬೇಕು ಅನ್ನಿಸಿದ ಜನಕ್ಕೆ ಅದೊಂದು ದಾರಿ ಕಂಡಿತು. ಕೆಲವೇ ದಿನಗಳಲ್ಲಿ 80 ಲಕ್ಷ ಡಾಲರ್ ದಾಟಿತು. ಕೊಟ್ಟವರಲ್ಲಿ ಹೆಚ್ಚಿನವರು ಹ್ಯಾಮ್ಲಿನ್ ಹೆಸರನ್ನು ಹಿಂದಿನ ದಿನ ಕೇಳಿದವರೇ ಅಲ್ಲ.

ಆದರೆ ಆ ದುಡ್ಡು ಆಟಿಕೆಗೆ, ಮಕ್ಕಳಿಗೆ. ಅವರ ಸ್ವಂತ ಬದುಕಿನ ಲೆಕ್ಕ ಬೇರೆ. 2022ರಲ್ಲಿ ಅವರ ಸಂಬಳ 8,25,000 ಡಾಲರ್. ಕೊನೆಯ ಸುತ್ತುಗಳ ಆಟಗಾರರಿಗೆ ಕೊಡುವ ಒಪ್ಪಂದ ಬಹುಪಾಲು ಎರಡು ಬೆಲೆಯದು: ಆಡಲು ಸಿದ್ಧನಿದ್ದರೆ ಒಂದು, ಗಾಯಾಳುಗಳ ಪಟ್ಟಿಗೆ ಹೋದರೆ ಇನ್ನೊಂದು. ಹ್ಯಾಮ್ಲಿನ್ ಒಪ್ಪಂದದಲ್ಲಿ ಆ ಎರಡನೇ ಬೆಲೆ ವರ್ಷಕ್ಕೆ 4,55,000 ಡಾಲರಿನ ಲೆಕ್ಕ. ತಂಡದ ಕೆಲಸದಲ್ಲೇ, ತಂಡಕ್ಕಾಗಿ ಎದೆಯೊಡ್ಡಿ ಬಿದ್ದವನ ದಿನಗೂಲಿ, ಗಾಯಾಳುಗಳ ಪಟ್ಟಿ ಸೇರಿದ ದಿನದಿಂದ ಅರ್ಧದ ಹತ್ತಿರಕ್ಕೆ ಇಳಿಯಬೇಕು. ಕಾಗದದಲ್ಲಿ ಇದ್ದದ್ದು ಹಾಗೆ. ಪಿಂಚಣಿಯ ಹಕ್ಕು ಸಿಗಲು ಮೂರು ಸೀಸನ್ ಲೆಕ್ಕಕ್ಕೆ ಬರಬೇಕು, ಅವರದು ಇನ್ನೂ ಎರಡನೇ ಸೀಸನ್.

ಕೊನೆಗೆ ಪೂರ್ತಿ ಸಂಬಳ ಕೊಡಲು ತಂಡವೂ ಲೀಗೂ ಆಟಗಾರರ ಸಂಘವೂ ಒಪ್ಪಿದವು. ಕೊಟ್ಟದ್ದು ಸರಿಯೇ, ಅದನ್ನು ಮೆಚ್ಚಲೇಬೇಕು. ಆದರೆ ಇದೇ ಥರದ ಒಪ್ಪಂದದ ಇನ್ನೊಬ್ಬ ಆರನೇ ಸುತ್ತಿನ ಹುಡುಗ, ಟಿವಿಯಿಲ್ಲದ ಒಂದು ಬುಧವಾರದ ಅಭ್ಯಾಸದಲ್ಲಿ ಮಂಡಿ ಮುರಿದುಕೊಂಡರೆ ಯಾರೂ ಸಭೆ ಸೇರುವುದಿಲ್ಲ. ಅವನಿಗೆ ಎರಡನೇ ಬೆಲೆಯೇ ಸಿಗುವುದು. ಎಇಡಿ ಎಲ್ಲಿರಬೇಕು ಎಂದು ಇಷ್ಟು ಕಟ್ಟುನಿಟ್ಟಾಗಿ ಬರೆದಿಡಬಲ್ಲ ಲೀಗಿಗೆ, ಕೆಲಸದಲ್ಲಿ ಬಿದ್ದವನ ಸಂಬಳ ಇಳಿಯಬಾರದು ಎಂಬ ಒಂದು ಸಾಲು ಬರೆಯುವುದು ಕಷ್ಟವಾಗಬಾರದಿತ್ತು.

ನಾವು ಗೆದ್ದೆವಾ?

ಆಸ್ಪತ್ರೆಯಲ್ಲಿ ನಿದ್ದೆಯ ಔಷಧ ಕೊಟ್ಟು, ಉಸಿರಾಟದ ಯಂತ್ರಕ್ಕೆ ಹಾಕಿ ಇಟ್ಟಿದ್ದರು. ಹೃದಯ ಮರಳಿತ್ತು ಸರಿ, ಮಿದುಳು ಹೇಗಿದೆ ಎನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅವರು ಎಚ್ಚರಗೊಂಡಾಗ ಗಂಟಲಲ್ಲಿ ಕೊಳವೆ, ಮಾತಾಡಲು ಆಗದು. ಕಾಗದ ಕೊಟ್ಟರು. ಬರೆದದ್ದು ಒಂದೇ ಪ್ರಶ್ನೆ: ನಾವು ಗೆದ್ದೆವಾ? ಹೌದು ಡಮಾರ್, ನೀನು ಗೆದ್ದೆ, ಬದುಕಿನ ಆಟವನ್ನೇ ಗೆದ್ದೆ ಎಂದು ಹೇಳಿದೆವು ಅಂತ ಡಾಕ್ಟರ್ ಟಿಮೊಥಿ ಪ್ರಿಟ್ಸ್ ಜನವರಿ 5ರಂದು ಸುದ್ದಿಗಾರರಿಗೆ ತಿಳಿಸಿದರು. ಉತ್ತರ ಚೆನ್ನಾಗಿದೆ. ವೈದ್ಯರಿಗೆ ಬೇಕಾಗಿದ್ದದ್ದು ಮಾತ್ರ ಆ ಪ್ರಶ್ನೆ. ಪಂದ್ಯವೊಂದಿತ್ತು, ತಾನು ಅದರಲ್ಲಿದ್ದೆ, ಫಲಿತಾಂಶ ಬಾಕಿ ಇದೆ ಎಂಬಷ್ಟು ನೆನಪು ಸರಿಯಾಗಿ ಕೂತಿತ್ತು ಎಂದರೆ ಮೈದಾನದಲ್ಲಿ ಎದೆ ಒತ್ತಿದ ಕೈಗಳು ಮಿದುಳಿಗೆ ರಕ್ತ ತಪ್ಪಲು ಬಿಟ್ಟಿರಲಿಲ್ಲ.

ಮಾರನೆಯ ದಿನ ಕೊಳವೆ ತೆಗೆದರು. ಜನವರಿ 8ರ ಭಾನುವಾರ ಬಿಲ್ಸ್ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು ಆಡಿತು. ಮೊದಲ ಚೆಂಡನ್ನೇ ಹಿಡಿದು ನಾಯೀಮ್ ಹೈನ್ಸ್ 96 ಗಜ ಓಡಿ ಅಂಕ ಗಳಿಸಿದರು. ಐಸಿಯುನಲ್ಲಿ ಟಿವಿ ನೋಡುತ್ತಿದ್ದ ಹ್ಯಾಮ್ಲಿನ್ ಹಾರಿ ಎದ್ದ ರಭಸಕ್ಕೆ ಮೈಗೆ ಅಂಟಿಸಿದ್ದ ಯಂತ್ರಗಳೆಲ್ಲ ಅಲಾರಂ ಹೊಡೆದುಕೊಂಡವು ಎಂದು ವೈದ್ಯರೇ ಹೇಳಿದರು. 9ರಂದು ವಿಮಾನದಲ್ಲಿ ಬಫಲೊಗೆ ಕರೆದೊಯ್ದರು, 11ರಂದು ಮನೆಗೆ ಬಿಟ್ಟರು. ಬಿದ್ದ ಒಂಬತ್ತನೇ ದಿನಕ್ಕೆ.

ಈ ದಿನಗಳಲ್ಲಿ ಕೆಟ್ಟದ್ದೂ ನಡೆಯಿತು. ಅವರು ಮೈದಾನದಲ್ಲಿ ಮಲಗಿದ್ದಾಗಲೇ, ಇದು ಕೋವಿಡ್ ಲಸಿಕೆಯ ಕೆಲಸ ಎಂದು ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿಸಿದರು. ಪ್ಲೇಆಫ್ ಪಂದ್ಯ ನೋಡಲು ಮುಖ ಮುಚ್ಚಿಕೊಂಡು ಬಂದಾಗ, ಇದು ಅವನಲ್ಲ, ಬೇರೆ ಯಾರನ್ನೋ ಕೂರಿಸಿದ್ದಾರೆ ಎಂದರು. ಎಳೆ ವಯಸ್ಸಿನವನೊಬ್ಬ ಸಾವಿನ ಬಾಗಿಲಿಂದ ಹಿಂದೆ ಬಂದು ನಿಂತಿದ್ದಾನೆ, ಅವನು ಅವನೇ ಎಂದು ಸಾಬೀತು ಮಾಡಬೇಕಂತೆ. ಹಿಗಿನ್ಸ್ ಮೇಲೂ ಕೆಲವರು ಹರಿಹಾಯ್ದರು. ಹ್ಯಾಮ್ಲಿನ್ ತಾಯಿ ಆತನ ಜೊತೆ ಮಾತಾಡಿ ಧೈರ್ಯ ಹೇಳಿದರು. ಮಗ ಇನ್ನೂ ಆಸ್ಪತ್ರೆಯಲ್ಲಿದ್ದಾಗಲೇ.

ಮತ್ತೆ ಪಟ್ಟಿಯಲ್ಲಿ

ಮತ್ತೆ ಆಡಬಹುದೇ? ಹೃದಯದ ರಚನೆಯಲ್ಲಿ ದೋಷವಿದ್ದಿದ್ದರೆ ಉತ್ತರ ಬೇರೆ ಇರುತ್ತಿತ್ತು. ಬೇರೆ ಬೇರೆ ತಜ್ಞರು ಪರೀಕ್ಷಿಸಿ, ಆದದ್ದು ಕಮೋಷಿಯೊ ಕಾರ್ಡಿಸ್, ಹೃದಯ ಆರೋಗ್ಯವಾಗಿದೆ ಎಂಬ ಒಂದೇ ಅಭಿಪ್ರಾಯಕ್ಕೆ ಬಂದರು. 2023ರ ಏಪ್ರಿಲ್ 18ರಂದು ತಂಡ ಅದನ್ನು ಪ್ರಕಟಿಸಿತು. ಅದೇ ಜುಲೈನಲ್ಲಿ ಎಸ್ಪಿ (ESPY) ಎಂಬ ಕ್ರೀಡಾ ಪ್ರಶಸ್ತಿ ಸಮಾರಂಭದಲ್ಲಿ ಬಿಲ್ಸ್ ತಂಡದ ಟ್ರೇನರ್‌ಗಳಿಗೆ ಪ್ಯಾಟ್ ಟಿಲ್ಮನ್ ಪ್ರಶಸ್ತಿ ಕೊಡುವ ಕೆಲಸ ಹ್ಯಾಮ್ಲಿನ್ ಪಾಲಿಗೆ ಬಂತು. ಟಿಲ್ಮನ್ ಕೂಡ ಸೇಫ್ಟಿ ಆಗಿದ್ದವರು. ಆಟ ಬಿಟ್ಟು ಸೈನ್ಯ ಸೇರಿ 2004ರಲ್ಲಿ ಅಫ್ಗಾನಿಸ್ತಾನದಲ್ಲಿ ಮಡಿದರು. ಟ್ರೇನರ್‌ಗಳು ಸಾಲಾಗಿ ವೇದಿಕೆಗೆ ಬಂದಾಗ ಹ್ಯಾಮ್ಲಿನ್ ಅವರಿಗೆ ಬೆನ್ನು ಮಾಡಿ, ಸೊಂಟ ಬಗ್ಗಿಸಿ ಅತ್ತುಬಿಟ್ಟರು. ಹಿಂದೆ ನಿಂತವರು ಬೆನ್ನು ಸವರಿದರು. ಆ ಹೊತ್ತಿಗೆ ಅವರು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಜೊತೆ ಸೇರಿ ಊರೂರಲ್ಲಿ ಸಿಪಿಆರ್, ಅಂದರೆ ಎದೆ ಒತ್ತಿ ಜೀವ ಉಳಿಸುವ ವಿಧಾನದ ತರಬೇತಿ ಕೊಡಿಸುವ ಕೆಲಸಕ್ಕೂ ಇಳಿದಿದ್ದರು. ಶಾಲೆಗಳಲ್ಲಿ ಎಇಡಿ ಇಡಲು ನೆರವಾಗುವ ಮಸೂದೆಯ ಪರವಾಗಿ ವಾಷಿಂಗ್ಟನ್ನಿಗೂ ಹೋಗಿ ಬಂದಿದ್ದರು.

2023ರ ಸೀಸನ್ ಕತೆಯಲ್ಲಿ ರೋಮಾಂಚನ ಕಡಿಮೆ, ನನಗೆ ಅದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಹೈಡ್ ಮರಳಿ ಬಂದಿದ್ದರು. ಹ್ಯಾಮ್ಲಿನ್ ಮತ್ತೆ ಬದಲಿ ಆಟಗಾರ. ಅಕ್ಟೋಬರ್ 1ರಂದು ಮಯಾಮಿ ಡಾಲ್ಫಿನ್ಸ್ ಎದುರು ಮತ್ತೆ ಕಣಕ್ಕಿಳಿದರೂ, ಆ ವರ್ಷದ 17 ಪಂದ್ಯಗಳಲ್ಲಿ ಆಡಿದ್ದು 5 ಮಾತ್ರ. ಉಳಿದ ಭಾನುವಾರಗಳಲ್ಲಿ ಸಾದಾ ಬಟ್ಟೆಯಲ್ಲಿ ಅಂಚಿನಲ್ಲಿ ನಿಂತರು. ಆದರೆ ಪಿಂಚಣಿಯ ನಿಯಮಕ್ಕೆ ಆಟ ಬೇಕಿಲ್ಲ. ಪೂರ್ಣ ಸಂಬಳದ ಮೇಲೆ ಮೂರು ಪಂದ್ಯಗಳ ಕಾಲ ಪಟ್ಟಿಯಲ್ಲಿದ್ದರೆ ಆ ಸೀಸನ್ ಲೆಕ್ಕಕ್ಕೆ ಬರುತ್ತದೆ. ಹಾಗೆ ನಿಂತಲ್ಲೇ ನಿಂತು ಅವರಿಗೆ ಮೂರನೇ ಸೀಸನ್ ಸಂದಿತು. ವೃತ್ತಿಜೀವನದ ಅತಿ ಮಂಕಾದ ವರ್ಷವೇ ಅವರ ಮುಪ್ಪಿನ ಹಕ್ಕನ್ನು ಗಟ್ಟಿ ಮಾಡಿಕೊಟ್ಟಿತು.

ಪ್ಲೇಆಫ್‌ನಲ್ಲಿ ಕ್ಯಾನ್ಸಾಸ್ ಸಿಟಿ ಎದುರು ಒಂದು ತಂತ್ರದ ಆಟದಲ್ಲಿ ಚೆಂಡನ್ನು ಅವರ ಕೈಗೇ ಕೊಟ್ಟು ಓಡಿಸಿದರು. ಬೇಕಾದಷ್ಟು ಗಜ ಸಿಗಲಿಲ್ಲ, ತಂಡ ಸೋತಿತು, ಬೈಗುಳವೂ ಬಿತ್ತು. ಬೇರೆ ಯಾವ ಆಟಗಾರನಿಗಾದರೂ ಬೀಳುವಂಥದೇ ಬೈಗುಳ. ಮರಳಿ ಬಂದವರಿಗೆ ಕೊಡುವ ಅಸೋಸಿಯೇಟೆಡ್ ಪ್ರೆಸ್ ಪ್ರಶಸ್ತಿಯಲ್ಲಿ ಮೊದಲ ಸ್ಥಾನದ ಮತಗಳು ಹ್ಯಾಮ್ಲಿನ್‌ಗೇ ಹೆಚ್ಚು ಬಂದವು, ಒಟ್ಟು ಅಂಕದಲ್ಲಿ ಮಾತ್ರ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೊ 151, ಹ್ಯಾಮ್ಲಿನ್ 140. ಐದು ಪಂದ್ಯ ಆಡಿದವನಿಗೆ ಕೊಡಬೇಕೇ ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೂ ನನ್ನ ಕೈಯಲ್ಲಿ ಮತವಿದ್ದಿದ್ದರೆ ಹ್ಯಾಮ್ಲಿನ್‌ಗೇ ಹಾಕುತ್ತಿದ್ದೆ.

2024ರಲ್ಲಿ ಹೈಡ್, ಪಾಯರ್ ಇಬ್ಬರೂ ಆ ಜಾಗ ಬಿಟ್ಟಿದ್ದರು. ಈ ಸಲ ಯಾರ ಗಾಯದ ಬಾಗಿಲಿಂದಲೂ ಅಲ್ಲ, ಪೈಪೋಟಿಯಲ್ಲಿ ಗೆದ್ದು ಹ್ಯಾಮ್ಲಿನ್ ಆರಂಭಿಕ ಸೇಫ್ಟಿಯಾದರು. ಸೆಪ್ಟೆಂಬರ್ 23, ಮತ್ತೊಂದು ಸೋಮವಾರ ರಾತ್ರಿ, ಬಫಲೊ ತಂಡದ ಸ್ವಂತ ಮೈದಾನ. ಜಾಕ್ಸನ್‌ವಿಲ್ ತಂಡದ ಟ್ರೆವರ್ ಲಾರೆನ್ಸ್ ಎಸೆದ ಚೆಂಡು ದಾರಿ ತಪ್ಪಿ ಬಂತು. ಹ್ಯಾಮ್ಲಿನ್ ಅದನ್ನು ಹಿಡಿದು ಎದೆಗವಚಿಕೊಂಡರು. ಎನ್‌ಎಫ್‌ಎಲ್‌ನಲ್ಲಿ ಅವರ ಮೊದಲ ಇಂಟರ್‌ಸೆಪ್ಶನ್. ಬಿಲ್ಸ್ 47, ಜಾಕ್ಸನ್‌ವಿಲ್ 10.

ಆ ಸೀಸನ್‌ನಲ್ಲಿ 14 ಪಂದ್ಯಗಳನ್ನು ಆರಂಭಿಸಿದರು. ಅದರೊಂದಿಗೆ ಆರನೇ ಸುತ್ತಿನವನ ನಾಲ್ಕು ವರ್ಷದ ಒಪ್ಪಂದ ಮುಗಿಯಿತು. 2025ರ ಮಾರ್ಚ್‌ನಲ್ಲಿ ಬಿಲ್ಸ್ ತಂಡ ಹೊಸ ಕಾಗದ ಮುಂದಿಟ್ಟಿತು, ಹ್ಯಾಮ್ಲಿನ್ ಸಹಿ ಹಾಕಿದರು. ಅವಧಿ ಒಂದು ವರ್ಷ.